ಹಲಗಲಿಯ ಬಂದೂಕು, ಮೀರತ್‌ನ ತೋಟಾ

1857ರಲ್ಲಿ ಬಂದೂಕು, ಮದ್ದುಗಳ ವಿಷಯಕ್ಕೆ ಈ ದೇಶದಲ್ಲಿ ಎರಡು ಜಗಳ ನಡೆದವು. ಒಂದು ಶಾಲೆ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಸರಕಾರ ಕೊಟ್ಟ ಹೊಸ ತೋಟಾವನ್ನು ಹಲ್ಲಿನಿಂದ ಕಚ್ಚಲು ಸಿಪಾಯಿಗಳು ಒಪ್ಪಲಿಲ್ಲ. ಇನ್ನೊಂದು ನಡೆದದ್ದು ಅದೇ ವರ್ಷದ ನವೆಂಬರಿನಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯಲ್ಲಿ. ಅಲ್ಲಿನ ಬೇಡರ ಕೈಯಲ್ಲಿ ಸರಕಾರದ ತೋಟಾ ಇರಲಿಲ್ಲ, ಅಪ್ಪ-ಅಜ್ಜಂದಿರ ಕಾಲದಿಂದ ಬಂದ ಹತಾರಗಳಿದ್ದವು. ಅವನ್ನೇ ತಂದೊಪ್ಪಿಸಿ ಎಂದಾಗ ಅವರು ಆಗದು ಎಂದರು. ಮೀರತ್‌ನಲ್ಲಿ ಸರಕಾರ ಕೊಟ್ಟದ್ದು ಬೇಡವಾಗಿತ್ತು, ಹಲಗಲಿಯಲ್ಲಿ ಸರಕಾರ ಕೇಳಿದ್ದನ್ನು ಕೊಡುವ ಮನಸ್ಸಿರಲಿಲ್ಲ. ಮೊದಲನೆಯದರ ಬಗ್ಗೆ ಪುಸ್ತಕಗಳು ಸಾಲುಸಾಲಾಗಿ ಬಂದಿವೆ. ಎರಡನೆಯದು ಹೆಚ್ಚಾಗಿ ಲಾವಣಿಯ ಬಾಯಲ್ಲೇ ಉಳಿಯಿತು. ಬಂದೂಕು ತುಂಬುವ ವಿದ್ಯೆ ಮನೆಯಿಂದ ಕಾರ್ಖಾನೆಗೆ ಹೋದದ್ದು ಹೇಗೆ ಎಂದು ತಿಳಿಯಬೇಕಾದವರು ಎರಡನ್ನೂ ಜೊತೆಗಿಟ್ಟು ನೋಡಬೇಕು.

ಹಲಗಲಿ ಇಂದು ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ಊರು. ಘಟಪ್ರಭೆಯ ಬಯಲಿನಲ್ಲಿ ಕಬ್ಬು ಎದ್ದು ನಿಂತಿದ್ದರೆ, ಬೀಳಗಿಯ ಕಡೆಗೆ ಹೋದಂತೆ ನೆಲ ಕಲ್ಲಾಗುತ್ತದೆ, ಕುರುಚಲು ಗುಡ್ಡಗಳು ಶುರುವಾಗುತ್ತವೆ. ಮುಧೋಳ, ಬೀಳಗಿ ತಾಲ್ಲೂಕುಗಳ ಈ ಗುಡ್ಡಗಾಡಿನಲ್ಲೇ ಈಗ ಯಡಹಳ್ಳಿ ಚಿಂಕಾರಾ ವನ್ಯಧಾಮವಿದೆ. 96 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರದ ಆ ಕಾಡಿನಲ್ಲಿ ಚಿಂಕಾರದ ಜೊತೆ ತೋಳವೂ ಇದೆ, ಕತ್ತೆಕಿರುಬವೂ ಇದೆ. ಬೇಟೆಯನ್ನೇ ನಂಬಿದ ಮಂದಿ ನೆಲೆ ನಿಲ್ಲಲು ಹೇಳಿ ಮಾಡಿಸಿದ ಸೀಮೆ. ಮುಧೋಳದ ಬೇಟೆನಾಯಿ ಹೆಸರು ಮಾಡಿದ್ದೂ ಇದೇ ನೆಲದಲ್ಲಿ.

ಬೇಡರ ಗುರಿಯ ಕೀರ್ತಿ ಇನ್ನೂ ಹಳೆಯದು. ಔರಂಗಜೇಬನ ಕೊನೆಯ ದೊಡ್ಡ ಮುತ್ತಿಗೆ ನಡೆದದ್ದು ಬೇಡ ನಾಯಕರ ಕೋಟೆಯ ಮೇಲೆ, ಸುರಪುರದ ಹತ್ತಿರದ ವಾಗಿನಗೇರಿಯಲ್ಲಿ. 1705ರಲ್ಲಿ ಪಿಡ್ಡ ನಾಯಕನ ಬಂದೂಕುಗಾರರು ಮುದಿ ಬಾದಶಹನ ದಂಡನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದರು. ಗುರಿ ಇಟ್ಟು ಹೊಡೆಯುವವರು ಬೇಕಾದಾಗ ದಖ್ಖನ್ನಿನ ಸರದಾರರು ಹುಡುಕಿಕೊಂಡು ಬರುತ್ತಿದ್ದದ್ದು ಈ ಬೇಡರನ್ನೇ.

ಆ ಕಾಲದ ಬಂದೂಕಿನಲ್ಲಿ ಗುರಿಗಿಂತ ಮೊದಲು ಕಲಿಯಬೇಕಾದದ್ದು ತುಂಬುವುದನ್ನು. ಬತ್ತಿಯ ಬಂದೂಕು ಬಾಯಿಯಿಂದ ತುಂಬುವಂಥದ್ದು. ಕೊಂಬಿನಲ್ಲೋ ಸೋರೆಬುರುಡೆಯಲ್ಲೋ ಇಟ್ಟ ಮದ್ದನ್ನು ಅಳೆದು ನಳಿಗೆಯೊಳಗೆ ಸುರಿಯಬೇಕು. ಅದರ ಮೇಲೆ ನಾರನ್ನೋ ಚಿಂದಿಯನ್ನೋ ಇಟ್ಟು ಗಜ ಎಂಬ ಕೋಲಿನಿಂದ ಒತ್ತಬೇಕು. ಆಮೇಲೆ ಸೀಸದ ಗುಂಡು, ಮತ್ತೆ ಗಜ. ನಳಿಗೆಯ ಬುಡದ ಪಕ್ಕದಲ್ಲಿರುವ ಪುಟ್ಟ ಬಟ್ಟಲಿಗೆ ನುಣುಪಾದ ಮದ್ದಿನ ಚಿಟಿಕೆ ಹಾಕಿ ಮುಚ್ಚಬೇಕು. ಹೊಗೆಯಾಡುತ್ತಲೇ ಇರುವ ಜಾಮಗಿ ಬತ್ತಿಯನ್ನು ಬಂದೂಕಿನ ಕುದುರೆಗೆ ಸಿಕ್ಕಿಸಬೇಕು. ಇಷ್ಟೂ ಆದಮೇಲೆ ಒಂದು ಈಡು. ಬತ್ತಿ ನಂದಿದರೆ ಬಂದೂಕು ಬರೀ ಕೋಲು. ಮಳೆಗೆ ಬಟ್ಟಲಿನ ಮದ್ದು ತೊಯ್ದರೂ ಅಷ್ಟೇ.

ಎಳೆಯರು ಇಲ್ಲಿ ತಪ್ಪುತ್ತಿದ್ದದ್ದು ಎರಡು ಕಡೆ. ಮದ್ದು ಕಡಿಮೆಯಾದರೆ ಗುಂಡು ನಾಲ್ಕು ಮಾರು ಹೋಗಿ ಬೀಳುತ್ತಿತ್ತು, ಹಂದಿ ತಿರುಗಿ ಮೈಮೇಲೆ ಬರುತ್ತಿತ್ತು. ಹೆಚ್ಚಾದರೆ ನಳಿಗೆಯೇ ಒಡೆದು ಹೊಡೆದವನ ಕೈ, ಕಣ್ಣು ಹೋಗುತ್ತಿತ್ತು. ಗುಂಡು ಮದ್ದಿನ ಮೇಲೆ ಸರಿಯಾಗಿ ಕೂರದೆ ನಡುವೆ ಖಾಲಿ ಜಾಗ ಉಳಿದರೂ ನಳಿಗೆಗೆ ಅಪಾಯವೇ. ಒಂದೊಂದು ಊರಿನ ಮದ್ದಿನ ಕಸುವು ಒಂದೊಂದು ಥರ. ಕಮ್ಮಾರನೊಬ್ಬ ಮಾಡಿದ ನಳಿಗೆ ತಾಳಿದ್ದನ್ನು ಇನ್ನೊಬ್ಬನದು ತಾಳುತ್ತಿರಲಿಲ್ಲ. ಹಾಗಾಗಿ ಯಾವ ಬಂದೂಕಿಗೆ ಎಷ್ಟು ಎಂಬ ಲೆಕ್ಕ ಆ ಬಂದೂಕನ್ನು ವರ್ಷಗಟ್ಟಲೆ ಹಿಡಿದವನ ಕೈಯಲ್ಲೇ ಇರುತ್ತಿತ್ತು, ಕಲಿಯುವವನು ಆ ಕೈಯನ್ನು ನೋಡಿಯೇ ಕಲಿಯಬೇಕಿತ್ತು. ಇಂದು ರೈಫಲ್ ತೋಟಾವನ್ನು ಮರುತುಂಬಲು ಕಲಿಯುವವರಿಗೂ ಮೊದಲ ಪಾಠ ಇದೇ: ಅಳತೆ ಮೀರಬೇಡ, ಒಂದು ಬಂದೂಕಿನ ಅಳತೆಯನ್ನು ಇನ್ನೊಂದಕ್ಕೆ ಹಾಕಬೇಡ.

ಮದ್ದಿಗೆ ಬೇಕಾದ ಮೂರು ವಸ್ತುಗಳಲ್ಲಿ ಎರಡು ಹಳ್ಳಿಯ ಸುತ್ತಲೇ ಸಿಗುವಂಥವು. ಇದ್ದಿಲನ್ನು ಹಗುರ ಮರದ ಕಟ್ಟಿಗೆಯಿಂದ ಸುಡುತ್ತಿದ್ದರು. ಪೆಟ್ಲುಪ್ಪು ಸವುಳು ಮಣ್ಣಿನಿಂದ, ಹಳೆಯ ಕೊಟ್ಟಿಗೆ ಮತ್ತು ಗೋಡೆಗಳ ಮಣ್ಣಿನಿಂದ ಬರುತ್ತಿತ್ತು. ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಕುದಿಸಿ ಉಪ್ಪು ತೆಗೆಯುವುದು ಉಪ್ಪಾರರ ಕಸುಬು. ಗಂಧಕ ಮಾತ್ರ ದೂರದಿಂದ, ಪೇಟೆಯ ಅಂಗಡಿಗೆ ಬರಬೇಕಿತ್ತು. ಈ ಸೀಮೆಯ ಜಾತ್ರೆಗಳಲ್ಲಿ ತೇರು ಎಳೆದ ರಾತ್ರಿ ಮದ್ದು ಸುಡುವ ಪದ್ಧತಿ ಈಗಲೂ ಇದೆ. ಬಾಣಬಿರುಸಿಗೂ ಬಂದೂಕಿಗೂ ಬೇರು ಒಂದೇ ಎಂಬುದನ್ನು ಈ ಮಂದಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕಂಪನಿಯ ಸಿಪಾಯಿಯ ಪಾಠ ಬೇರೆಯೇ ಇತ್ತು. ಅವನು ಅಳೆಯುವಂತಿರಲಿಲ್ಲ, ಅಳತೆ ಮೊದಲೇ ಆಗಿರುತ್ತಿತ್ತು. ಒಂದು ಈಡಿಗೆ ಬೇಕಾದಷ್ಟೇ ಮದ್ದು ಮತ್ತು ಒಂದು ಗುಂಡನ್ನು ಕಾಗದದ ಸುರುಳಿಯಲ್ಲಿ ಸುತ್ತಿಟ್ಟದ್ದೇ ತೋಟಾ. ಅದರ ತುದಿಯನ್ನು ಹಲ್ಲಿನಿಂದ ಕಿತ್ತು ಮದ್ದು ಸುರಿದು, ಗುಂಡು ತಳ್ಳಿ, ಕೇಪು ಇಟ್ಟರೆ ಮುಗಿಯಿತು. ಕವಾಯತಿನ ಮೈದಾನದಲ್ಲಿ ಎಣಿಸಿ ಎಣಿಸಿ ಹೇಳಿಕೊಟ್ಟರೆ ನಿನ್ನೆ ನೇಗಿಲು ಬಿಟ್ಟು ಬಂದವನೂ ಕಲಿಯುತ್ತಿದ್ದ. ಕೇಪು ಕೂಡ ಆಗ ಹೊಸದೇ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಏಟಿಗೆ ಸಿಡಿಯುವ ಮದ್ದಿನಿಂದ ಬಂದೂಕು ಹೊತ್ತಿಸುವ ಉಪಾಯಕ್ಕೆ ಪೇಟೆಂಟ್ ಪಡೆದದ್ದು 1807ರಲ್ಲಿ. ಮುಂದೆ ಅದೇ ಉಪಾಯ ತಾಮ್ರದ ಕೇಪಿನ ರೂಪ ತಾಳಿ, ಬತ್ತಿ ಮತ್ತು ಬಟ್ಟಲು ಎರಡನ್ನೂ ತೆಗೆದುಹಾಕಿತು.

1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಬಂದಾಗ ತೋಟಾಕ್ಕೆ ಜಿಡ್ಡು ಸವರಬೇಕಾಯಿತು. ನಳಿಗೆಯೊಳಗೆ ತಿರುಪಿನಂತೆ ಗೆರೆಗಳಿರುವುದರಿಂದ ಗುಂಡು ಬಿಗಿಯಾಗಿ ಇಳಿಯಬೇಕು, ಜಿಡ್ಡಿಲ್ಲದೆ ಇಳಿಯದು. ಆ ಜಿಡ್ಡು ಹಸುವಿನದು, ಹಂದಿಯದು ಎಂಬ ಸುದ್ದಿ 1857ರ ಜನವರಿಯಲ್ಲಿ ಕಲಕತ್ತೆಯ ಹತ್ತಿರದ ಡಮ್‌ಡಮ್‌ನಿಂದ ಹೊರಟಿತು. ಮಾರ್ಚ್ 29ರಂದು ಬಾರಕ್‌ಪುರದಲ್ಲಿ ಮಂಗಲ ಪಾಂಡೆ ಬಂದೂಕೆತ್ತಿದ. ಏಪ್ರಿಲ್ 24ರಂದು ಮೀರತ್‌ನಲ್ಲಿ 85 ಸವಾರರು ತೋಟಾ ಮುಟ್ಟಲು ಒಪ್ಪಲಿಲ್ಲ, ಅದಕ್ಕಾಗಿ ಮುಂದೆ ಸೆರೆಮನೆ ಸೇರಿದರು. ಮೇ 10ರಂದು ಅವರ ಜೊತೆಗಾರರು ಸೆರೆಮನೆ ಒಡೆದರು. ತಾನು ಅಳೆಯದ, ತಾನು ಸುತ್ತದ ತೋಟಾದೊಳಗೆ ಏನಿದೆ ಎಂದು ತಿಳಿಯುವ ದಾರಿ ಆ ಸಿಪಾಯಿಗೆ ಇರಲಿಲ್ಲ. ಅವನ ಅಂಜಿಕೆಯ ಬುಡದಲ್ಲಿ ಇದೂ ಇತ್ತೆಂದು ಹೇಳದೆ ಆ ಪ್ರಕರಣ ಪೂರ್ತಿ ಅರ್ಥವಾಗುವುದಿಲ್ಲ.

ಜುಲೈ ಕೊನೆಗೆ ಬಿಸಿ ಕೃಷ್ಣೆಯ ಸೀಮೆಗೂ ತಟ್ಟಿತು. ಕೊಲ್ಹಾಪುರದಲ್ಲಿ ಮುಂಬಯಿ ಕಾಲ್ದಳದ 27ನೇ ಪಲಟಣಿ ದಂಗೆಯೆದ್ದಿತು. ಕೊಲ್ಹಾಪುರದಿಂದ ಬೆಳಗಾವಿ, ಬೆಳಗಾವಿಯಿಂದ ಮುಧೋಳ, ಜಮಖಂಡಿ, ಎಲ್ಲವೂ ಒಂದೇ ರಾಜಕಾರಣದ ಹೆಣಿಗೆಯಲ್ಲಿದ್ದವು. ಮುಧೋಳ ಘೋರ್ಪಡೆಯವರದು, ಜಮಖಂಡಿ ಪಟವರ್ಧನರದು. ಬನಹಟ್ಟಿ ಜಮಖಂಡಿಗೆ ಸೇರಿದ್ದರೆ ಕೂಗಳತೆಯ ರಬಕವಿ ಸಾಂಗ್ಲಿಯದು. ಬೀಳಗಿಯ ಕಡೆ ಕಂಪನಿಯ ನೇರ ಆಡಳಿತ. ಒಬ್ಬ ಬೇಟೆಗಾರ ಮುಂಜಾನೆ ಮನೆ ಬಿಟ್ಟು ಸಂಜೆಯೊಳಗೆ ಎರಡು ಮೂರು ಸರಕಾರಗಳ ನೆಲ ತುಳಿಯಬಹುದಾದ ಸೀಮೆ ಅದು.

1857ರ ಸೆಪ್ಟೆಂಬರಿನಲ್ಲಿ ಕಲಕತ್ತೆಯಲ್ಲಿ ಆ ವರ್ಷದ 28ನೇ ಕಾಯಿದೆ ಪಾಸಾಯಿತು. ಕನ್ನಡದ ಮಕ್ಕಳು ಓದುವ ನಿಶ್ಶಸ್ತ್ರೀಕರಣ ಕಾಯಿದೆ ಇದೇ. ಹತಾರ ಮತ್ತು ಮದ್ದುಗುಂಡನ್ನು ತರಿಸುವುದು, ಮಾಡುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲಕ್ಕೂ ಅಪ್ಪಣೆ ಬೇಕೆಂದು ಅದು ಹೇಳಿತು. ಬಂದೂಕಿನ ಜೊತೆಗೇ ಮದ್ದನ್ನೂ ಕಟ್ಟಿಹಾಕಿದ್ದು ಕಾಯಿದೆ ಬರೆದವರ ಜಾಣತನ. ಮದ್ದಿಲ್ಲದ ಬಂದೂಕನ್ನು ಅಟ್ಟದ ಮೇಲೆ ಇಟ್ಟುಕೊಂಡು ಯಾರೂ ಏನೂ ಮಾಡುವ ಹಾಗಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಲಗಲಿ ಕಂಪನಿಯ ನೇರ ಆಡಳಿತದ ಊರಲ್ಲದಿದ್ದರೂ ಹುಕುಂ ಮುಧೋಳದ ಕಾರಭಾರಿಯ ಮೂಲಕ ಅಲ್ಲಿಗೂ ಬಂತು. ಲಾವಣಿ ಹೇಳುವಂತೆ ಪೂಜೇರಿ ಹನುಮ, ಬಾಲ, ಜಡಗ, ರಾಮ ಕೂಡಿ ಮಸಲತ್ತು ಮಾಡಿದರು. ಹತಾರ ಕೊಡುವುದೂ ಜೀವ ಕೊಡುವುದೂ ಒಂದೇ ಎಂದು ನಿಶ್ಚಯಿಸಿದರು. ಸುತ್ತಲಿನ ಊರುಗಳ ಬೇಡರೂ ಹಲಗಲಿಗೆ ಬಂದು ಸೇರಿದರು. ಕೇಳಲು ಬಂದವರನ್ನು ಹೊಡೆದು ಕಳಿಸಿದರು.

ನವೆಂಬರ್ 29ರಂದು ದಕ್ಷಿಣ ಮರಾಠಾ ಕುದುರೆ ದಂಡು ಕರ್ನಲ್ ಮಾಲ್ಕಂನ ಕೈಕೆಳಗೆ ಊರಿಗೆ ಮುತ್ತಿಗೆ ಹಾಕಿತು. ಮರುದಿನ ಬೆಳಗಾವಿ ಕಡೆಯ ಕಾಲ್ದಳವೂ ಕೂಡಿಕೊಂಡು ದಾಳಿ ನಡೆಯಿತು. ಮನೆಗಳೊಳಗಿಂದ ಗುಂಡು ಹಾರಿಸುತ್ತಿದ್ದ ಬೇಡರನ್ನು ಹೊರಗೆ ತರಲು ಊರಿಗೇ ಬೆಂಕಿ ಇಟ್ಟರು. ಬಾಯಿಯಿಂದ ತುಂಬುವ ಬಂದೂಕಿನವನು ಒಂದು ಈಡು ಹೊಡೆದು ಮತ್ತೆ ಮದ್ದು ಸುರಿದು ಗಜ ಎಳೆಯುವಷ್ಟರಲ್ಲಿ ಕುದುರೆ ಅವನ ಮುಂದೆ ನಿಂತಿರುತ್ತದೆ. ಗೋಡೆಯ ಮರೆಯಲ್ಲಿ ಅವನು ಬಲಶಾಲಿ, ಸುಡುವ ಮನೆಯಿಂದ ಬಯಲಿಗೆ ಬಂದರೆ ಬರಿಗೈಯವನು. ಸೆರೆ ಸಿಕ್ಕವರು 290 ಮಂದಿ. ಅವರಲ್ಲಿ 19 ಜನರಿಗೆ ಗಲ್ಲಾಯಿತು. 13 ಮಂದಿಯನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, ಉಳಿದ ಆರು ಮಂದಿಯನ್ನು 14ರಂದು ಹಲಗಲಿಯಲ್ಲೇ, ಅವರ ಮಂದಿಯ ಕಣ್ಣೆದುರಿಗೆ ನೇಣಿಗೇರಿಸಿದರು.

ಕುರ್ತಕೋಟಿ ಕಲ್ಮೇಶನ ಅಂಕಿತವಿರುವ ಲಾವಣಿ ಯುದ್ಧ ಮುಗಿಸಿದ ಮೇಲೂ ಊರು ಬಿಟ್ಟು ಹೊರಡುವುದಿಲ್ಲ. ಲೂಟಿಯಾದ ವಸ್ತುಗಳ ಪಟ್ಟಿಯನ್ನೇ ಹಾಡುತ್ತದೆ. ಕೊಡಲಿ, ಉಪ್ಪು, ಎಣ್ಣೆ, ಜೀರಿಗೆ, ಬೆಲ್ಲ, ಚರಿಗೆ, ತಾಳಿ, ಕೊನೆಗೆ ಬೀಸುವ ಕಲ್ಲು. ಹತಾರ ಹುಡುಕಿಕೊಂಡು ಬಂದ ದಂಡು ಬೀಸುವ ಕಲ್ಲನ್ನೂ ಬಿಡಲಿಲ್ಲವೆಂದು ಕೇಳಿದವರಿಗೆ ಹಲಗಲಿಯ ಹೆಂಗಸರ ಪಾಡು ಬೇರೆ ಹೇಳಬೇಕಾಗಿಲ್ಲ. ಈ ಸೀಮೆಯಲ್ಲೇ ಅಧಿಕಾರಿಯಾಗಿದ್ದ ಶಾಸನತಜ್ಞ ಜಾನ್ ಫೇಯ್ತ್‌ಫುಲ್ ಫ್ಲೀಟ್ ಈ ಲಾವಣಿಯನ್ನು ಬರೆಸಿಕೊಂಡು 1885ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದ. ಮುಂದೆ ಕರ್ನಾಟಕದ ಹತ್ತನೇ ತರಗತಿಯ ಮಕ್ಕಳಿಗೆ ಅದು ಪಾಠವಾಯಿತು. ದಂಗೆಯ ಕಥೆ ಮೂವತ್ತು ವರ್ಷದೊಳಗೆ ಸೋತವರ ನುಡಿಯಲ್ಲೇ ಅಚ್ಚಾದದ್ದು ದೊಡ್ಡ ಭಾಗ್ಯ. ಅದಿಲ್ಲದಿದ್ದರೆ ಜಡಗ, ಬಾಲರ ಹೆಸರನ್ನು ನಾವು ಸಾಹೇಬರ ವರದಿಗಳಲ್ಲಿ ಹುಡುಕಬೇಕಾಗುತ್ತಿತ್ತು.

ಹಲಗಲಿಯ ನಂತರವೂ ಕೆಂಡ ಆರಲಿಲ್ಲ. 1858ರ ಫೆಬ್ರವರಿಯಲ್ಲಿ ಸುರಪುರದ ಬೇಡ ಅರಸು ವೆಂಕಟಪ್ಪ ನಾಯಕ ಎದ್ದ. ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬ ಎದ್ದ. ಜಮಖಂಡಿಯ ಅಪ್ಪಾಸಾಹೇಬ ಪಟವರ್ಧನರ ಮೇಲೂ ಗುಮಾನಿ ಬಿದ್ದು ಅವರನ್ನು ಸ್ವಲ್ಪ ಕಾಲ ಕಾವಲಿನಲ್ಲಿಟ್ಟರು.

ಇದೇ ಕಾಲಕ್ಕೆ ಕೊಡಗಿನಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ಮನಸ್ಸು ಕಲಕುತ್ತದೆ. ದಂಗೆಯ ಕಾಲದಲ್ಲಿ ನಿಷ್ಠರಾಗಿದ್ದರೆಂಬ ಕಾರಣಕ್ಕೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಆ ವಿನಾಯಿತಿ ಇಂದಿಗೂ ಉಂಟು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿ ಕೇಂದ್ರ ಸರಕಾರ 2019ರಲ್ಲಿ ಆದೇಶ ಹೊರಡಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಕೈಲು ಮುಹೂರ್ತದ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ ಮಾಡುವ ಮನೆಗಳು ಅಲ್ಲಿವೆ. ಕನ್ನಡ ನಾಡಿನ ಎರಡು ಬೇಟೆಗಾರ ಸಮುದಾಯಗಳು, ಎರಡಕ್ಕೂ ಆಯುಧ ಮನೆದೇವರಿಗೆ ಸಮ. ನಾಲ್ಕೇ ವರ್ಷದ ಅಂತರದಲ್ಲಿ ಒಂದಕ್ಕೆ ನೇಣು, ಇನ್ನೊಂದಕ್ಕೆ ವಿನಾಯಿತಿ. ಅದನ್ನು ತೀರ್ಮಾನಿಸಿದ್ದು ಅವರ ಕೈಗುರಿಯಲ್ಲ, ಸರಕಾರದ ನಂಬಿಕೆ.

1878ರಲ್ಲಿ ವೈಸರಾಯ್ ಲಿಟ್ಟನ್ ತಂದ ಆಯುಧ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೇಕೆನಿಸಿದ ಕಡೆ ಸೀಸ, ಗಂಧಕ, ಪೆಟ್ಲುಪ್ಪನ್ನೂ ಸೈನಿಕ ಸಾಮಗ್ರಿಯೆಂದು ಸಾರುವ ಅಧಿಕಾರವನ್ನು ಅದು ಸರಕಾರಕ್ಕೆ ಕೊಟ್ಟಿತು. ಅಷ್ಟು ಹೊತ್ತಿಗೆ ಬಂದೂಕೇ ಬೇರೆಯಾಗಿತ್ತು. 1866ರ ಸುಮಾರಿಗೆ ಹಿತ್ತಾಳೆಯ ತೋಟಾ ಬಂತು. ಮದ್ದು, ಗುಂಡು, ಕೇಪು ಮೂರೂ ಒಂದೇ ಚಿಪ್ಪಿನೊಳಗೆ, ತುಂಬುವುದು ನಳಿಗೆಯ ಹಿಂದಿನಿಂದ. ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಒಂದು ಬಗೆಯ ಕೇಪು ಮಾಡಿದ, ಅಮೆರಿಕದ ಹೈರಮ್ ಬರ್ಡನ್ ಇನ್ನೊಂದು ಬಗೆಯದು ಮಾಡಿದ. ಬಾಕ್ಸರನ ತೋಟಾದ ತಳದ ನಡುವೆ ಒಂದೇ ತೂತು, ಹಾಗಾಗಿ ಸುಟ್ಟ ಕೇಪನ್ನು ಒಳಗಿನಿಂದ ಸೂಜಿಯಲ್ಲಿ ತಳ್ಳಿ ತೆಗೆಯಬಹುದು. ಬರ್ಡನನದರಲ್ಲಿ ತೂತು ಪಕ್ಕದಲ್ಲಿರುವುದರಿಂದ ಅದು ಆಗದು. ವಿಚಿತ್ರವೆಂದರೆ ಇಂಗ್ಲೆಂಡಿನವನ ಕೇಪು ಅಮೆರಿಕದಲ್ಲಿ ನೆಲೆ ನಿಂತಿತು, ಅಮೆರಿಕದವನದು ಯೂರೋಪಿನಲ್ಲಿ. ಹೊಡೆದ ಚಿಪ್ಪನ್ನು ಹೆಕ್ಕಿಕೊಂಡು ಮನೆಯಲ್ಲೇ ಮರುತುಂಬುವ ಹವ್ಯಾಸ ಅಮೆರಿಕದಲ್ಲಿ ಅಷ್ಟು ಬೆಳೆದದ್ದಕ್ಕೆ ಆ ಒಂದು ತೂತೂ ಕಾರಣ. ಅಲ್ಲಿ ಹೊಸಬರು ಚಿಪ್ಪು ಒರೆಸುವುದು, ಹಿಗ್ಗಿದ ಬಾಯನ್ನು ಅಚ್ಚಿನಲ್ಲಿ ಒತ್ತಿ ಹಳೆಯ ಅಳತೆಗೆ ತರುವುದು, ತಕ್ಕಡಿಯಲ್ಲಿ ಮದ್ದು ತೂಗುವುದು, ಅಚ್ಚಾದ ಕೈಪಿಡಿಯ ಅಂಕಿಯನ್ನು ದಾಟದಿರುವುದು, ಇವನ್ನು ಅಡುಗೆಮನೆಯ ಮೇಜಿನಷ್ಟು ಜಾಗದಲ್ಲಿ ಕಲಿಯುತ್ತಾರೆ.

ಭಾರತದಲ್ಲಿ ಆ ವಿದ್ಯೆ ಕಾರ್ಖಾನೆ ಸೇರಿತು. ಪುಣೆಯ ಖಡಕಿಯಲ್ಲಿ 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಎದ್ದಿತು. ಹೊಗೆಯಿಲ್ಲದ ಮದ್ದಿನ ಕಾಲ ಬಂದಾಗ, ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ, ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ಶುರುವಾಯಿತು. ಹೊಗೆಯಿಲ್ಲದ ಮದ್ದು ಸವುಳು ಮಣ್ಣಿನಿಂದಲೂ ಇದ್ದಿಲಿನಿಂದಲೂ ಬರುವುದಲ್ಲ, ಆಮ್ಲಗಳ ರಸಾಯನದ್ದು. ಕಾಯಿದೆ ಅರ್ಧ ಮುಗಿಸಿದ್ದನ್ನು ರಸಾಯನಶಾಸ್ತ್ರ ಪೂರ್ತಿ ಮುಗಿಸಿತು.

ಆದರೂ ಬಾಯಿಯಿಂದ ತುಂಬುವ ಕೋವಿ ಪೂರಾ ಮಾಯವಾಗಲಿಲ್ಲ. ಲೈಸೆನ್ಸ್ ಪುಸ್ತಕಗಳಲ್ಲಿ ಇಂದಿಗೂ ಎಸ್‌ಬಿಎಂಎಲ್ ಎಂದು ಬರೆಯುವುದು ಆ ಒಂಟಿ ನಳಿಗೆಯ ಕೋವಿಯನ್ನೇ. ಹಂದಿಯ ಕಾಟಕ್ಕೆ ಬೆಳೆ ಕಾಯುವ ರೈತರ ಹೆಸರಿನಲ್ಲಿ ಅವು ಉಳಿದಿವೆ. ಚುನಾವಣೆ ಘೋಷಣೆಯಾದಾಗ ಠಾಣೆಗೆ ಒಯ್ದು ಒಪ್ಪಿಸಿ ರಸೀದಿ ಪಡೆಯುವುದು, ಮುಗಿದ ಮೇಲೆ ತರುವುದು ಅವರಿಗೆ ರೂಢಿಯಾಗಿದೆ. 1959ರ ಆಯುಧ ಕಾಯಿದೆಯಲ್ಲಿ ಮದ್ದುಗುಂಡು ಎಂದರೆ ತುಂಬಿದ ತೋಟಾ ಮಾತ್ರವಲ್ಲ, ಅದರ ಬಿಡಿಭಾಗ, ಅದನ್ನು ಮಾಡುವ ಯಂತ್ರವೂ ಸೇರಿವೆ. ಅದರ 5ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಯಾರೂ ಮದ್ದುಗುಂಡು ತಯಾರಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅದನ್ನು ಮೀರಿದವರಿಗೆ ಕನಿಷ್ಠ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ ಸಜೆ. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಹುಡುಗ ವಾರಾಂತ್ಯದ ಹವ್ಯಾಸವಾಗಿ ಕಲಿಯಬಹುದಾದದ್ದನ್ನು ಊರಿನಲ್ಲಿರುವ ಅವನ ದೊಡ್ಡಪ್ಪನ ಮಗ ಮುಟ್ಟುವಂತಿಲ್ಲ. ಕಳ್ಳಕೋವಿಯಿಂದ ಆಗಿರುವ ಸಾವುನೋವು ಕಂಡವರು ಈ ಬಿಗಿಯನ್ನು ತಪ್ಪೆನ್ನಲಾರರು. ಯಡಹಳ್ಳಿಯ ಚಿಂಕಾರಗಳು ಉಳಿದಿರುವುದಕ್ಕೂ ಬೇಟೆಯ ಬಂದೂಕು ಮೂಕವಾದದ್ದು ಒಂದು ಕಾರಣವೇ.

ಈ ಸೀಮೆಯಲ್ಲಿ ಇಂದು ರೈಫಲ್ ಕಲಿಯಬೇಕೆಂಬ ಹುಡುಗ ಹುಡುಗಿಯರಿಗೆ ಇರುವ ಹತ್ತಿರದ ದಾರಿ ಎನ್‌ಸಿಸಿ. ಅಲ್ಲಿ ಕೈಗೆ ಬರುವುದು .22 ರೈಫಲ್. ಅದರ ತೋಟಾದಲ್ಲಿ ಬೇರೆ ಕೇಪು ಇರುವುದಿಲ್ಲ. ಹೊತ್ತಿಸುವ ಮದ್ದನ್ನು ತಳದ ಅಂಚಿನ ಮಡಿಕೆಯೊಳಗೇ ಕಾರ್ಖಾನೆಯಲ್ಲಿ ಕೂರಿಸಿರುತ್ತಾರೆ, ಸೂಜಿ ಬಡಿದಾಗ ಆ ಅಂಚು ಜಜ್ಜಿಹೋಗುತ್ತದೆ. ಹಾಗಾಗಿ ಒಮ್ಮೆ ಹೊಡೆದದ್ದನ್ನು ಮರುತುಂಬುವ ಮಾತು ಬಹುಮಟ್ಟಿಗೆ ಇಲ್ಲವೇ ಇಲ್ಲ. ಕೆಡೆಟ್ ಕಲಿಯುವುದು ಮಲಗುವ ಭಂಗಿ, ಉಸಿರು ಹಿಡಿಯುವುದು, ಗುರಿ, ಟ್ರಿಗರ್ ಮೆಲ್ಲನೆ ಒತ್ತುವುದು. ತೋಟಾ ಎಣಿಸಿ ಕೊಡುತ್ತಾರೆ. ಹೊಡೆದು ಎದ್ದ ಮೇಲೆ ಖಾಲಿ ಚಿಪ್ಪುಗಳನ್ನು ಹೆಕ್ಕಿಸಿ, ಕೊಟ್ಟ ಲೆಕ್ಕಕ್ಕೆ ತಾಳೆ ನೋಡಿ, ವಾಪಸು ಜಮಾ ಮಾಡಿಕೊಳ್ಳುತ್ತಾರೆ.